ಹತ್ತು ಇಟ್ಟಿಗೆ ಅಗಲದ ಲೋಕ

'ಸೂಪರ್ ಮಾರಿಯೋ ಬ್ರದರ್ಸ್' ಆಟದಲ್ಲಿ ಒಂದು ಇಟ್ಟಿಗೆಯ ಅಗಲ 16 ಪಿಕ್ಸೆಲ್. ಟಿವಿಯಲ್ಲಿ ಆಡುವಾಗ ಪರದೆಯ ಅಗಲ 256 ಪಿಕ್ಸೆಲ್; ಅಂದರೆ ಒಂದು ಸಾಲಿಗೆ 16 ಇಟ್ಟಿಗೆ ಕಾಣುತ್ತವೆ. 1999ರಲ್ಲಿ ನಿಂಟೆಂಡೊ ಇದೇ ಆಟವನ್ನು ಗೇಮ್ ಬಾಯ್ ಕಲರ್ ಎಂಬ ಅಂಗೈ ಯಂತ್ರಕ್ಕೆ 'ಸೂಪರ್ ಮಾರಿಯೋ ಬ್ರದರ್ಸ್ ಡಿಲಕ್ಸ್' ಎಂಬ ಹೆಸರಿನಲ್ಲಿ ತಂದಿತು. ಅದರ ಪರದೆ 160 ಪಿಕ್ಸೆಲ್ ಅಗಲ, 144 ಎತ್ತರ. ಅಡ್ಡಕ್ಕೆ ಹತ್ತು ಇಟ್ಟಿಗೆ, ಎತ್ತರಕ್ಕೆ ಒಂಬತ್ತು, ಅಷ್ಟೇ. ಎಲ್ಲವನ್ನೂ ಕುಗ್ಗಿಸಿ ಇಡೀ ನೋಟವನ್ನು ಹಿಡಿಸಬಹುದಿತ್ತು, ಹಾಗೆ ಮಾಡಲಿಲ್ಲ. ಮಾರಿಯೋ ಮೊದಲಿನಷ್ಟೇ ಇದ್ದಾನೆ. ನಾವು ನೋಡುವ ಕಿಟಕಿ ಮಾತ್ರ ಕಿರಿದಾಯಿತು.

ನಾನು ಮಾರಿಯೋ ಆಡಿದ್ದು ತೊಂಬತ್ತರ ದಶಕದ ದಾವಣಗೆರೆಯಲ್ಲಿ, ಟಿವಿಗೆ ವೈರು ಸಿಕ್ಕಿಸುವ ನಕಲಿ ಯಂತ್ರದಲ್ಲಿ. ಅದರ ಕ್ಯಾಸೆಟ್ ಮೇಲೆ 9999 ಆಟ ಎಂದು ಬರೆದಿತ್ತು. ಒಳಗಿದ್ದದ್ದು ಬೆರಳೆಣಿಕೆಯಷ್ಟು, ಮಿಕ್ಕದ್ದೆಲ್ಲ ಅವೇ ಆಟಗಳು, ಬೇರೆ ಹೆಸರಲ್ಲಿ. ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ 1985ರಲ್ಲಿ ಜಪಾನಿನಲ್ಲಿ ರೂಪಿಸಿದ ಮಾರಿಯೋ ಆ ಗುಂಪಿನಲ್ಲಿ ರಾಜನಂತಿದ್ದ. ಎಂಟು ಲೋಕ, 32 ಸ್ಟೇಜು, ಎಲ್ಲ ಸೇರಿ 40 ಕಿಲೋಬೈಟ್. ಜಾಗ ಉಳಿಸಲು ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಚಿತ್ರ ಬಳಸಿ ಬಣ್ಣವನ್ನಷ್ಟೇ ಬದಲಿಸಿದ್ದರು. ಆಡಿದ್ದನ್ನು ಉಳಿಸಿಡುವ ಏರ್ಪಾಟು ಮಾತ್ರ ಇರಲಿಲ್ಲ. ಏಳನೇ ಲೋಕದಲ್ಲಿರುವಾಗ ಕರೆಂಟ್ ಹೋಯಿತೋ, ಮತ್ತೆ ಮೊದಲನೇ ಸ್ಟೇಜು. ಬೇಸಿಗೆ ರಜೆಯಲ್ಲಿ ಕರೆಂಟ್ ಹೋಗದ ದಿನ ಯಾವುದಿತ್ತು?

ಡಿಲಕ್ಸ್ ನನ್ನ ಕೈಗೆ ಬಂದದ್ದು ಬಹಳ ತಡವಾಗಿ. ಅಮೆರಿಕದಲ್ಲಿರುವ ಭಾವ ತನ್ನ ಹಳೆಯ ಯಂತ್ರವನ್ನು ಕೊಟ್ಟುಹೋದ. ಎರಡು ಪೆನ್ಸಿಲ್ ಸೆಲ್ ಹಾಕಿದರೆ ನಡೆಯುತ್ತದೆ. ಪರದೆಗೆ ಒಳಗಿನಿಂದ ಬೆಳಕಿಲ್ಲ, ಹಾಗಾಗಿ ಜಗಲಿಯಲ್ಲಿ ಕೂತು, ಬಿಸಿಲಿಗೆ ಓರೆ ಹಿಡಿದು ಆಡಬೇಕು.

ಬೆರಳುಗಳಿಗೆ ಎಲ್ಲ ನೆನಪಿತ್ತು. ಓಡುತ್ತಾ ತಟ್ಟನೆ ತಿರುಗಿದರೆ ಜಾರುವ ಆ ಜಾರಿಕೆ, ಗುಂಡಿ ಒತ್ತಿ ಹಿಡಿದಷ್ಟೂ ಎತ್ತರವಾಗುವ ನೆಗೆತ, ಎಲ್ಲವೂ ಅಲ್ಲೇ ಇವೆ. ಎರಡು ಯಂತ್ರಗಳ ಚಿಪ್‌ಗಳು ಬೇರೆ ಬೇರೆ, ಹಳೆಯ ಪ್ರೋಗ್ರಾಂ ಹಾಗೆಯೇ ಓಡುವುದಿಲ್ಲ. ಆದರೂ ಆ ಹದವನ್ನು ಹಿಡಿದಿದ್ದಾರೆ. ತೊಂದರೆ ಕಣ್ಣಿಗೆ. ಮೂಲ ಆಟದಲ್ಲಿ ಪೂರ್ತಿ ಓಟದ ಮಾರಿಯೋ ಸೆಕೆಂಡಿಗೆ ಸುಮಾರು 150 ಪಿಕ್ಸೆಲ್ ದಾಟುತ್ತಾನೆ. ಆ ವೇಗದಲ್ಲಿ ಈ ಪುಟ್ಟ ಪರದೆ ಒಂದೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಎರಡನೇ ಲೋಕದ ಮೂರನೇ ಸ್ಟೇಜಿನಲ್ಲಿ ಸೇತುವೆಯ ಕೆಳಗಿಂದ ಮೀನುಗಳು ಚಿಮ್ಮುತ್ತವಲ್ಲ, ಟಿವಿಯಲ್ಲಿ ಅವು ಏಳುವಾಗಲೇ ಕಾಣುತ್ತಿದ್ದವು. ಇಲ್ಲಿ ಕಂಡಾಗ ಕಾಲಿಗೇ ಬಂದಿರುತ್ತವೆ. ಮೇಲೆ, ಕೆಳಗೆ ಗುಂಡಿ ಒತ್ತಿ ಪರದೆಯನ್ನು ಸರಿಸಿ ನೋಡಬಹುದು ಎಂಬುದು ನಿಂಟೆಂಡೊ ಕೊಟ್ಟ ಪರಿಹಾರ. ಓಡುವವನಿಗೆ ಅದರಿಂದ ಏನೂ ಪ್ರಯೋಜನವಿಲ್ಲ. ನಿಂತು ನೋಡುವವನಿಗೆ ಉಂಟು.

ನಿಲ್ಲುವವನಿಗಾಗಿಯೇ ಇನ್ನೊಂದು ಆಟವನ್ನು ಒಳಗೆ ಇಟ್ಟಿದ್ದಾರೆ. ಚಾಲೆಂಜ್ ಎಂಬ ಆ ವಿಭಾಗದಲ್ಲಿ ಪ್ರತಿ ಸ್ಟೇಜಿಗೂ ಐದು ಕೆಂಪು ನಾಣ್ಯ, ಅಡಗಿಸಿಟ್ಟ, ಯೋಷಿ ಎಂಬ ಪಾತ್ರದ ಒಂದು ಮೊಟ್ಟೆ, ಮುಟ್ಟಬೇಕಾದ ಒಂದು ಅಂಕ. ಮೊಟ್ಟೆ ಹುಡುಕುತ್ತಾ, ಬಾಲ್ಯದಲ್ಲಿ ಧಡಧಡ ದಾಟಿಹೋದ ಜಾಗಗಳಲ್ಲಿ ಖಾಲಿ ಗಾಳಿಗೆ ತಲೆ ಗುದ್ದುತ್ತಾ ನಿಂತೆ. ಕಿರಿದಾದ ಕಿಟಕಿ ಇಲ್ಲಿ ನಷ್ಟವೆನಿಸಲೇ ಇಲ್ಲ. ಇಡೀ ದೃಶ್ಯ ಒಮ್ಮೆಗೇ ಕಂಡಿದ್ದರೆ ಹುಡುಕುವುದಕ್ಕೆ ಏನಿರುತ್ತಿತ್ತು? ಗೋಡೆಗಳನ್ನು ತೂರಿಕೊಂಡು ಹೋಗುವ ಬೂ ಎಂಬ ದೆವ್ವದ ಜೊತೆ ಓಟದ ಪಂದ್ಯವೂ ಇದೆ, ಅದು ಬೇರೆಯೇ ರೇಜಿಗೆ. ಪಂಚಾಂಗ, ಭವಿಷ್ಯ ಹೇಳುವ ಇಸ್ಪೀಟೆಲೆ, ಪುಟ್ಟ ಪ್ರಿಂಟರಿನಲ್ಲಿ ಅಚ್ಚು ಹಾಕುವ ಚಿತ್ರಗಳು ನನಗೆ ರುಚಿಸಲಿಲ್ಲ. ಉಳಿಸಿಡುವ ಸೌಲಭ್ಯವೊಂದೇ ಸಾಕಿತ್ತು.

ಡಿಲಕ್ಸ್‌ನೊಳಗಿನ ಮೂಲ ಆಟದಲ್ಲಿ ಮೂರು ಲಕ್ಷ ಅಂಕ ಗಳಿಸಿದರೆ ಇನ್ನೊಂದು ಬಾಗಿಲು ತೆರೆಯುತ್ತದೆ: 1986ರಲ್ಲಿ ಜಪಾನಿನಲ್ಲಷ್ಟೇ ಬಂದ ಎರಡನೇ ಮಾರಿಯೋ. ಹೊರದೇಶದವರಿಗೆ ತೀರ ಕಷ್ಟವಾದೀತೆಂದು ಆಗ ತಡೆಹಿಡಿದಿದ್ದ ಆಟವದು. ಅದರಲ್ಲಿ ತಿಂದರೆ ಪೆಟ್ಟು ಬೀಳುವ ವಿಷದ ಅಣಬೆಗಳಿವೆ. ಡಿಲಕ್ಸ್‌ನಲ್ಲಿ ಅದರ ಒಂಬತ್ತನೇ ಲೋಕವನ್ನೂ ಆಮೇಲಿನ ನಾಲ್ಕನ್ನೂ ಕೈಬಿಟ್ಟಿದ್ದಾರೆ. ನನಗೆ ಸಿಟ್ಟು ಬಂದದ್ದು ಅದಕ್ಕೊಂದಕ್ಕೇ.