ಅರ್ಧ ಪಂದ್ಯಾವಳಿಯ ಲೆಕ್ಕ

ಫುಟ್‌ಬಾಲ್ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕಾಲಿನಿಂದ ಒದೆಯುವ ಗುಂಡು ಚೆಂಡು. ಅಮೆರಿಕದವರು ಅದೇ ಹೆಸರಿನಿಂದ ಕರೆಯುವ ಆಟವೇ ಬೇರೆ. ಅಲ್ಲಿ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಎಸೆಯಲೂಬಹುದು. ನಾಲ್ಕು ಯತ್ನಗಳೊಳಗೆ ಹತ್ತು ಗಜ ಸಾಗಬೇಕು. ಚೆಂಡನ್ನು ಎದುರಾಳಿಯ ಗಡಿಗೆರೆ ದಾಟಿಸಿದರೆ ಆರು ಅಂಕದ 'ಟಚ್‌ಡೌನ್'. ಕಂಬಗಳ ನಡುವೆ ಒದ್ದರೆ ಮೂರು ಅಂಕ. ದಾಳಿಗೆ ಹನ್ನೊಂದು ಮಂದಿ. ರಕ್ಷಣೆಗೆ ಅದೇ ತಂಡದ ಬೇರೆ ಹನ್ನೊಂದು ಮಂದಿ.

ತಂಡಗಳನ್ನು ಸಣ್ಣ ವಿಭಾಗಗಳಾಗಿ ಹಂಚಿರುತ್ತಾರೆ. ಒಂದೇ ವಿಭಾಗದವರು ವರ್ಷಕ್ಕೆ ಎರಡು ಬಾರಿ ಸೆಣಸುವುದರಿಂದ, ಪಂದ್ಯಾವಳಿ ಅರ್ಧಕ್ಕೆ ಬಂದಾಗ ನೆರೆಯವರ ರಕ್ಷಣೆಯನ್ನು ತೂಗಿ ನೋಡುವುದೇ ಅಭಿಮಾನಿಗಳಿಗೆ ದೊಡ್ಡ ಕೆಲಸ.

2000ನೆಯ ಇಸವಿಯ ನವೆಂಬರಿನಲ್ಲಿ ಟೆನೆಸ್ಸಿ ತಂಡದ ಅಭಿಮಾನಿಯೊಬ್ಬನು ಹೀಗೆ ತೂಗಿದನೆಂದು ಭಾವಿಸೋಣ. ಅವನ ತಂಡ ಒಂಬತ್ತರಲ್ಲಿ ಎಂಟು ಪಂದ್ಯ ಗೆದ್ದಿತ್ತು. ನೆರೆಯ ಪಿಟ್ಸ್‌ಬರ್ಗ್ ಮತ್ತು ಬಾಲ್ಟಿಮೋರ್ ತಂಡಗಳು ತಮ್ಮ ಮೊದಲ ಒಂಬತ್ತರಲ್ಲಿ ಐದು ಗೆದ್ದು ನಾಲ್ಕು ಸೋತಿದ್ದವು. ಆ ಒಂಬತ್ತು ಪಂದ್ಯಗಳಲ್ಲಿ ಪಿಟ್ಸ್‌ಬರ್ಗ್ ಬಿಟ್ಟುಕೊಟ್ಟ ಅಂಕ 93, ಬಾಲ್ಟಿಮೋರ್ 98. ಅಲ್ಲದೆ ಪಿಟ್ಸ್‌ಬರ್ಗ್ ಕೊನೆಯ ಐದು ಪಂದ್ಯಗಳಲ್ಲಿ ಕೊಟ್ಟದ್ದು 18 ಅಂಕ ಮಾತ್ರ, ಒಂದೂ ಟಚ್‌ಡೌನ್ ಇಲ್ಲ! ಇದಕ್ಕಿಂತ ಭದ್ರವಾದ ಕೋಟೆ ಯಾವುದು?

ಉಳಿದ ಏಳು ಪಂದ್ಯಗಳಲ್ಲಿ ಪಿಟ್ಸ್‌ಬರ್ಗ್ 162 ಅಂಕ ಕೊಟ್ಟಿತು. ಬಾಲ್ಟಿಮೋರ್ ಕೊಟ್ಟದ್ದು 67.

ಅರ್ಧವಾರ್ಷಿಕ ಪರೀಕ್ಷೆಯ ಅಂಕಗಳನ್ನು ನಂಬಿ ಮೋಸಹೋದ ನಮ್ಮಂಥವರಿಗೆ ಇದು ಹೊಸದೇನಲ್ಲ. ಮೊದಲು ಪ್ರಶ್ನೆಪತ್ರಿಕೆ ಎಷ್ಟು ಸುಲಭವಿತ್ತೆಂದು ಕೇಳಬೇಕು. ಆ ಐದು ಪಂದ್ಯಗಳ ಪೈಕಿ ಎರಡು ಸಿನ್ಸಿನಾಟಿ, ಕ್ಲೀವ್‌ಲೆಂಡ್‌ಗಳೊಡನೆ. ಆ ವರ್ಷವಿಡೀ ಹದಿನಾರು ಪಂದ್ಯಗಳಲ್ಲಿ ಅವು ಗಳಿಸಿದ್ದು ಕ್ರಮವಾಗಿ 185, 161 ಅಂಕ. ಮತ್ತೊಂದು ಬಾಲ್ಟಿಮೋರ್‌ನೊಡನೆ, ಅದರ ದಾಳಿಪಡೆ ಅಕ್ಟೋಬರಿನ ಐದು ಪಂದ್ಯಗಳಲ್ಲಿ ಒಂದೇ ಒಂದು ಟಚ್‌ಡೌನ್ ಗಳಿಸಿರಲಿಲ್ಲ. (ಸಿನ್ಸಿನಾಟಿ, ಕ್ಲೀವ್‌ಲೆಂಡ್‌ಗಳನ್ನು ಬಾಲ್ಟಿಮೋರ್ ಸಹ ಸೊನ್ನೆಗೆ ಕಟ್ಟಿಹಾಕಿತ್ತೆಂಬುದನ್ನು ಮರೆಮಾಚುವುದು ನ್ಯಾಯವಲ್ಲ.)

ಬಾಲ್ಟಿಮೋರಿನ 98ರಲ್ಲಿ 36 ಅಂಕ ಜ್ಯಾಕ್ಸನ್‌ವಿಲ್ ಎದುರಿನ ಒಂದೇ ಪಂದ್ಯದ್ದು. ಉಳಿದ ಎಂಟಕ್ಕೆ 62. ಅಕ್ಟೋಬರಿನ ಐದು ಪಂದ್ಯಗಳಲ್ಲಿ ಒಟ್ಟು 43 ಅಂಕ ಕೊಟ್ಟರೂ ಮೂರನ್ನು ಸೋತಿತು. ತಪ್ಪು ದಾಳಿಯದು, ಅಪಕೀರ್ತಿ ತಂಡಕ್ಕೆಲ್ಲ. ಪಟ್ಟಿಯನ್ನಷ್ಟೇ ಓದುವವನಿಗೆ ಈ ಭೇದ ಕಾಣುವುದಿಲ್ಲ.

ನನ್ನ ದೃಷ್ಟಿಯಲ್ಲಿ ಅಂಕಗಳಿಗಿಂತ ನಂಬತಕ್ಕದ್ದು ನೆಲದ ಮೇಲಿನ ಓಟವನ್ನು ತಡೆಯುವ ಬಲ. ಎಸೆತ ಒಂದು ದಿನ ಕೂಡಿಬರುತ್ತದೆ, ಇನ್ನೊಂದು ದಿನ ಇಲ್ಲ. ಬಾಲ್ಟಿಮೋರಿನ ಮುಂಸಾಲಿನ ನಡುವೆ ಸ್ಯಾಮ್ ಆಡಮ್ಸ್, ಟೋನಿ ಸಿರಗೂಸ ಎಂಬ ಇಬ್ಬರು ಬೃಹತ್ಕಾಯರು ನಿಲ್ಲುತ್ತಿದ್ದರು. ಇವರನ್ನು ತಳ್ಳುವುದರಲ್ಲೇ ಎದುರಾಳಿಗಳು ಸುಸ್ತಾಗುತ್ತಿರಲು, ಹಿಂದಿನಿಂದ ರೇ ಲೂಯಿಸ್ ಯಾರ ಅಡ್ಡಿಯೂ ಇಲ್ಲದೆ ಬಂದು ಚೆಂಡು ಹಿಡಿದವನನ್ನು ಕೆಡವುತ್ತಿದ್ದನು. ಹದಿನಾರು ಪಂದ್ಯಗಳಲ್ಲಿ ಓಟದಿಂದ ಅವರು ಬಿಟ್ಟದ್ದು 970 ಗಜ; ಪಂದ್ಯಕ್ಕೆ ಅರುವತ್ತರ ಆಸುಪಾಸು.

ಟೆನೆಸ್ಸಿಯ ಅಭಿಮಾನಿಗೆ ಇದರ ಬಿಸಿ ತಟ್ಟಲು ತಡವಾಗಲಿಲ್ಲ. ನವೆಂಬರ್ 12ರಂದು ಬಾಲ್ಟಿಮೋರ್ ಅವನ ಊರಿಗೇ ಬಂದು 24–23ರಿಂದ ಗೆದ್ದಿತು. ಟೆನೆಸ್ಸಿ ವಿಭಾಗದ ಮೊದಲ ಸ್ಥಾನ ಪಡೆದರೂ, 2001ರ ಜನವರಿ 7ರಂದು ಅದೇ ಮೈದಾನದಲ್ಲಿ 24–10ರಿಂದ ಸೋತು ಹೊರಬಿತ್ತು. ಜನವರಿ 28ರ ಅಂತಿಮ ಪಂದ್ಯದಲ್ಲಿ ಬಾಲ್ಟಿಮೋರ್ ನ್ಯೂಯಾರ್ಕ್ ಜಯಂಟ್ಸನ್ನು 34–7ರಿಂದ ಸೋಲಿಸಿತು. ಆ ಏಳು ಅಂಕಗಳೂ ಒದ್ದು ಕಳುಹಿಸಿದ ಚೆಂಡನ್ನು ಹಿಡಿದು ಓಡಿದ್ದರಿಂದ ಬಂದವು. ರಕ್ಷಣಪಡೆ ಆಗ ಮೈದಾನದಲ್ಲೇ ಇರಲಿಲ್ಲ.