ಲಕೋಟೆ ಅಂಟಿಸಿದರೆ ಸಾಕೇ? – ಸಂಘದ ಇಮೇಲ್ ಪಾಸ್‌ವರ್ಡ್ ಕಾಪಾಡುವ ಬಗೆ



ಸಂಘದ ಹಣದ ಪೆಟ್ಟಿಗೆ ಒಬ್ಬರ ಮನೆಯಲ್ಲಿ, ಅದರ ಬೀಗದ ಕೈ ಇನ್ನೊಬ್ಬರ ಹತ್ರ. ಅಷ್ಟು ಜೋಪಾನ ನಮ್ಮದು. ಆದರೆ ಸಂಘದ ಇಮೇಲ್ ಪಾಸ್‌ವರ್ಡ್ ಎಲ್ಲಿದೆ? ನಡವಳಿ ಪುಸ್ತಕದ ಕೊನೇ ಪುಟದಲ್ಲಿ! ಕೊಳಾಲದಿಂದ ಕೊರಟಗೆರೆಗೆ ಹೋಗಿ ಕಂಪ್ಯೂಟರ್ ಅಂಗಡಿಯಲ್ಲಿ ಅದನ್ನು ಜೋರಾಗಿ ಓದಿ ಹೇಳುವವರೂ ಇದ್ದೀವಿ.

ಮೇಲ್ ಹೇಗೆ ಬರುತ್ತದೆ?

ನಮ್ಮ ಪತ್ರಗಳು ಮೇಲ್ ಕಂಪನಿಯ ಸರ್ವರ್‌ನಲ್ಲಿ ಇರುತ್ತವೆ. ಔಟ್‌ಲುಕ್, ಥಂಡರ್‌ಬರ್ಡ್‌ನಂಥ ಪ್ರೋಗ್ರಾಮ್ ಅವನ್ನು ತರಲು ಹೋದಾಗ ಅನೇಕ ಸಲ ಹೆಸರು, ಪಾಸ್‌ವರ್ಡ್ ಕೊಡಬೇಕಾಗುತ್ತದೆ. ಹಳೇ ವಿಧಾನದಲ್ಲಿ ಪಾಸ್‌ವರ್ಡ್ ಪೋಸ್ಟ್‌ಕಾರ್ಡಿನ ಹಾಗೆ ಬಯಲಾಗಿ ಹೋಗುತ್ತದೆ. ಅದೇ ವೈಫೈಯಲ್ಲಿ ಹೊಂಚು ಹಾಕಿದವರು ಓದಿಕೊಳ್ಳಬಹುದು. ಎಸ್‌ಎಸ್‌ಎಲ್/ಟಿಎಲ್‌ಎಸ್ ಆಯ್ಕೆ ಮಾಡಿದರೆ ಅದು ಗೂಢಲಿಪಿಯಾಗಿ, ಅಂಟಿಸಿದ ಲಕೋಟೆಯಲ್ಲಿ ಹೋದಂತೆ. ಸೆಟ್ಟಿಂಗ್‌ನಲ್ಲಿ ಪೋರ್ಟ್ ಸಂಖ್ಯೆ ನೋಡಿ: ಪಾಪ್‌ಗೆ 110 ಬದಲು 995, ಐಮ್ಯಾಪ್‌ಗೆ 143 ಬದಲು 993 ಇರಲಿ. 'ಸರ್ಟಿಫಿಕೇಟ್ ಸರಿಯಿಲ್ಲ' ಎಂಬ ಎಚ್ಚರಿಕೆ ಬಂದರೆ ಸುಮ್ಮನೆ 'ಓಕೆ' ಒತ್ತಬೇಡಿ. ಆ ಕಡೆ ಇರುವುದು ನಿಜವಾದ ಸರ್ವರ್ ಅಲ್ಲದಿರಬಹುದು.

ಇಷ್ಟೇ ಸಾಕಾ?

ಸಾಲದು. ಲಕೋಟೆ ಕಾಯುವುದು ದಾರಿಯಲ್ಲಿ ಮಾತ್ರ. ಪಾಸ್‌ವರ್ಡ್ ಅಂಗಡಿಯ ಕಂಪ್ಯೂಟರಿನಲ್ಲಿ ಉಳಿದುಬಿಟ್ಟರೆ, ಅಲ್ಲಿ ಕೂತವರೆಲ್ಲ ನಿಮ್ಮ ಮೇಲ್ ತೆರೆಯಬಹುದು. ಇಮೇಲ್ ಕೈಗೆ ಸಿಕ್ಕಿದವರು ಬೇರೆ ಖಾತೆಗಳಲ್ಲೂ 'ಪಾಸ್‌ವರ್ಡ್ ಮರೆತಿದ್ದೇನೆ' ಅಂತ ಒತ್ತಿ ಹೊಸದನ್ನು ಮಾಡಿಕೊಳ್ಳಬಹುದು. ಒಂದು ಕೀಲಿಯಿಂದ ಹತ್ತು ಬಾಗಿಲು ತೆರೆದ ಹಾಗೆ!

ನಾವು ಮಾಡಬೇಕಾದದ್ದು:

1. ಅಂಗಡಿಯಲ್ಲಿ ಪಾಸ್‌ವರ್ಡ್ ನೀವೇ ಟೈಪ್ ಮಾಡಿ. 'ನೆನಪಿಡಲೇ?' ಅಂತ ಕೇಳಿದರೆ 'ಬೇಡ' ಎನ್ನಿ. ಎದ್ದು ಬರುವ ಮುಂಚೆ ಲಾಗ್ ಔಟ್ ಮಾಡಿ.

2. ಇಮೇಲ್ ಪಾಸ್‌ವರ್ಡನ್ನು ಬೇರೆಲ್ಲೂ ಬಳಸಬೇಡಿ. ಸಂಘದ ಹೆಸರು, ಫೋನ್ ನಂಬರ್ ಇಡಬೇಡಿ.

3. ಎರಡು ಹಂತದ ಪರಿಶೀಲನೆ ಹಾಕಿಸಿ. ಆಗ ಪಾಸ್‌ವರ್ಡ್ ಕದ್ದವರಿಗೆ ಅದೊಂದೇ ಸಾಲದು. ಫೋನಿಗೆ ಬಂದ ಓಟಿಪಿ ಯಾರಿಗೂ ಹೇಳಬೇಡಿ.

4. ಬರೀ ಹೆಸರು, ಪಾಸ್‌ವರ್ಡ್ ಕೇಳುವ ಪ್ರೋಗ್ರಾಮ್‌ಗಳಿಗೆ ಜಿಮೇಲ್‌ನ ಸಾಮಾನ್ಯ ಖಾತೆಗಳು 2022ರಿಂದ ಅಸಲು ಪಾಸ್‌ವರ್ಡ್ ಒಪ್ಪುವುದಿಲ್ಲ. ಅಂಥವಕ್ಕೆ 16 ಅಕ್ಷರದ 'ಆಪ್ ಪಾಸ್‌ವರ್ಡ್' ಪಡೆಯಿರಿ. ಕಂಪ್ಯೂಟರ್ ಕಳೆದರೆ ಅದೊಂದನ್ನೇ ರದ್ದು ಮಾಡಬಹುದು.

5. ಪಾಸ್‌ವರ್ಡ್ ತಿಳಿದವರು ಹುದ್ದೆ ಬಿಟ್ಟಾಗ, ಪೆಟ್ಟಿಗೆಯ ಬೀಗದ ಕೈ ವಹಿಸಿಕೊಂಡಂತೆ, ಅದೇ ದಿನ ಪಾಸ್‌ವರ್ಡ್ ಬದಲಿಸಿ.

ಹಣ ಹೋಯಿತು ಅಂತ ಗೊತ್ತಾದ ಕೂಡಲೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ನಾಚಿಕೆ ಪಟ್ಟು ಸುಮ್ಮನಿರಬೇಡಿ. ಮುಂದಿನ ವಾರದ ಸಭೆಯಲ್ಲಿ ಉಳಿತಾಯ ಕಟ್ಟುವ ಮುಂಚೆ ಒಂದು ಕೆಲಸ ಮಾಡೋಣ: ನಡವಳಿ ಪುಸ್ತಕದ ಆ ಕೊನೇ ಪುಟ ಹರಿದು ಹಾಕಿ, ಹೊಸ ಪಾಸ್‌ವರ್ಡ್ ಇಡೋಣ.