ಪಾಪಚ್ಚಿ ನಿಜವಾಗಿಯೂ ಇದ್ದಳೇ?

ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ಒಂದು ಶನಿವಾರ, ಆರನೆಯ ಮತ್ತು ಏಳನೆಯ ಇಯತ್ತೆಯ ಮಕ್ಕಳೊಡನೆ ನಾನು ನಮ್ಮ ಕಾತ್ರಜದ ಕೆರೆಯ ದಂಡೆಗೆ ಹೋಗಿದ್ದೆ. 18ನೆಯ ಶತಮಾನದಲ್ಲಿ, ನಾನಾಸಾಹೇಬ ಪೇಶ್ವೆಯ ಕಾಲದಲ್ಲಿ, ಇಲ್ಲಿಯ ನೀರನ್ನು ನೆಲದಡಿಯ ಕಾಲುವೆಯ ಮೂಲಕ ಶನಿವಾರವಾಡೆಯವರೆಗೆ ಒಯ್ದ ಸಂಗತಿಯನ್ನು ಅವರಿಗೆ ತಿಳಿಸಿದೆ. ಕೂಡಲೇ ಮಕ್ಕಳ ಮನಸ್ಸು ಪೇಶ್ವೆಯರನ್ನು ಬಿಟ್ಟು ನೆಲದೊಳಕ್ಕೆ ಇಳಿಯಿತು. ಆ ಕಾಲುವೆಯಲ್ಲಿ ನಡೆದುಕೊಂಡು ಹೋಗಬಹುದೇ? ಅಲ್ಲಿ ಯಾರು ಇರುತ್ತಾರೆ? ಅಲ್ಲಿ ಹಗಲು ಯಾವುದು, ರಾತ್ರಿ ಯಾವುದು? ಇಂತಹ ಪ್ರಶ್ನೆಗಳಿಗೆ ಭೂಗೋಳದ ಪಾಠದಲ್ಲಿ ಉತ್ತರವಿಲ್ಲ. ಆದುದರಿಂದ ಮೊಲವೊಂದನ್ನು ಬೆನ್ನಟ್ಟಿ ಬಿಲದೊಳಗೆ ಬಿದ್ದು, ಪಾತಾಳವನ್ನು ಕಂಡು ಬಂದ ಹುಡುಗಿಯ ಕಥೆಯನ್ನು ಅವರಿಗೆ ಹೇಳಿದೆ.

ಕಥೆ ಮುಗಿಯಿತು. ಆರನೆಯ ಇಯತ್ತೆಯ ಒಬ್ಬ ಹುಡುಗಿ ಎದ್ದು ನಿಂತು, "ಗುರುಗಳೇ, ಆ ಪಾಪಚ್ಚಿ ಖರೇನ ಇದ್ದಳೇನ್ರೀ?" ಎಂದು ಕೇಳಿದಳು. ಆ ದಿನ ನಾನು ಅರೆಮನಸ್ಸಿನ ಉತ್ತರವನ್ನು ಕೊಟ್ಟೆ. ಸರಿಯಾದ ಉತ್ತರವನ್ನು ನಮ್ಮ ವಾರ್ಷಿಕ ಸಂಚಿಕೆಯಲ್ಲಿ ಬರೆಯುವೆನೆಂದು ಮಾತು ಕೊಟ್ಟಿದ್ದೆ. ಅದನ್ನು ಇಲ್ಲಿ ನಡೆಸಿಕೊಡುತ್ತಿದ್ದೇನೆ.

ಈ ಕಥೆಯ ಮೂಲ ಇಂಗ್ಲಿಷಿನದು. ಅಲ್ಲಿ ಹುಡುಗಿಯ ಹೆಸರು ಆಲಿಸ್. ಅವಳ ಅದ್ಭುತಲೋಕದ ಪ್ರವಾಸವನ್ನು ಹೇಳುವ ಮೊದಲನೆಯ ಪುಸ್ತಕ 1865ರಲ್ಲಿ ಹೊರಬಿದ್ದಿತು. ಅವಳು ಕನ್ನಡಿಯೊಳಗೆ ಹೊಕ್ಕು ಕಂಡುದನ್ನು ಹೇಳುವ ಎರಡನೆಯ ಪುಸ್ತಕ 1871ರ ಕೊನೆಯಲ್ಲಿ ಬಂದಿತು. ಕನ್ನಡದಲ್ಲಿ ನಾ. ಕಸ್ತೂರಿಯವರು 'ಪಾತಾಳದಲ್ಲಿ ಪಾಪಚ್ಚಿ' ಎಂಬ ಹೆಸರಿನಿಂದ ಮೊದಲನೆಯ ಕಥೆಯನ್ನು ತಂದರು. ಆಲಿಸಳು ನಮ್ಮ ಮನೆಗೆ ಪಾಪಚ್ಚಿಯಾಗಿ ಬಂದುದು ಹೀಗೆ.

ಹುಡುಗಿ ಕೇಳಿದ ಪ್ರಶ್ನೆಗೆ ಉತ್ತರ ಕಥೆಯ ಪುಸ್ತಕದಲ್ಲಿ ದೊರೆಯುವುದಿಲ್ಲ. ಅದಕ್ಕಾಗಿ ಬೇರೆ ಪುಸ್ತಕಗಳುಂಟು. ಒಂದು ಕಥೆಯನ್ನು ಲೋಕ ಬಹಳ ಪ್ರೀತಿಸಿದರೆ, ಅದನ್ನು ಬರೆದವರಾರು, ಅದರ ಅರ್ಥವೇನು, ಅದು ಎಲ್ಲೆಲ್ಲಿಗೆ ಹೋಯಿತು ಎಂದು ವಿಚಾರಿಸುವವರು ಹುಟ್ಟುತ್ತಾರೆ. ಈ ಮೂರು ವಿಚಾರಗಳಿಂದ ಮೂರು ಬಗೆಯ ಗ್ರಂಥಗಳು ಹುಟ್ಟುತ್ತವೆ: ಜೀವನಚರಿತ್ರೆ, ಟಿಪ್ಪಣಿಯ ಆವೃತ್ತಿ, ಅನುವಾದಗಳ ಇತಿಹಾಸ. ಇವು ಕಥೆಗಳಲ್ಲ, ಕಥೆಯನ್ನು ಕುರಿತ ನಿಜಸಂಗತಿಯ ಪುಸ್ತಕಗಳು. ಒಂದೊಂದನ್ನೇ ನೋಡೋಣ.

ಮೊದಲು ಜೀವನಚರಿತ್ರೆ. ಆಲಿಸಳ ಕಥೆಯ ಮೇಲೆ ಲೂಯಿಸ್ ಕ್ಯಾರಲ್ ಎಂಬ ಹೆಸರಿದೆ. ಅದು ಅಂಕಿತನಾಮ. ನಿಜನಾಮ ಚಾರ್ಲ್ಸ್ ಲಟ್ವಿಜ್ ಡಾಡ್ಸನ್. ಅವರು ತಮ್ಮ ಹೆಸರಿನ ಮೊದಲೆರಡು ಪದಗಳನ್ನು ಲ್ಯಾಟಿನ್ ಭಾಷೆಗೆ ತಿರುಗಿಸಿ, ಹಿಂದುಮುಂದು ಮಾಡಿ, ಮತ್ತೆ ಇಂಗ್ಲಿಷಿಗೆ ತಂದು ಈ ಹೆಸರನ್ನು ಕಟ್ಟಿಕೊಂಡರು. ಅವರು ಹುಟ್ಟಿದ್ದು 1832ರಲ್ಲಿ. ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿ ಅವರು ಗಣಿತದ ಅಧ್ಯಾಪಕರಾಗಿದ್ದರು. ಮಾತನಾಡುವಾಗ ತೊದಲುತ್ತಿದ್ದರು. 1898ರ ಜನವರಿಯಲ್ಲಿ ಅವರು ತೀರಿಕೊಂಡರು. ಅದೇ ವರ್ಷ ಅವರ ಸಂಬಂಧಿ ಸ್ಟುವರ್ಟ್ ಕಾಲಿಂಗ್‌ವುಡ್ ಅವರ ಮೊದಲ ಜೀವನಚರಿತ್ರೆಯನ್ನು ಪ್ರಕಟಿಸಿದರು. 1995ರಲ್ಲಿ ಮಾರ್ಟನ್ ಕೋಹೆನ್ ಎಂಬ ವಿದ್ವಾಂಸರು ದೊಡ್ಡದೊಂದು ಜೀವನಚರಿತ್ರೆಯನ್ನು ಬರೆದರು.

ಈ ಗ್ರಂಥಗಳಿಂದ ನಮಗೆ ತಿಳಿಯುವ ಮುಖ್ಯ ಸಂಗತಿ ಇದು. ಆಲಿಸ್ ಎಂಬ ಹುಡುಗಿ ನಿಜವಾಗಿಯೂ ಇದ್ದಳು. ಅವಳು ಅದೇ ಕಾಲೇಜಿನ ಮುಖ್ಯಸ್ಥರಾದ ಲಿಡೆಲ್ ಅವರ ಮಗಳು. 1862ರ ಜುಲೈ 4ರಂದು ಡಾಡ್ಸನ್ನರೂ ಅವರ ಮಿತ್ರ ಡಕ್‌ವರ್ತರೂ ಲಿಡೆಲ್ಲರ ಮೂವರು ಹೆಣ್ಣುಮಕ್ಕಳನ್ನು ದೋಣಿಯಲ್ಲಿ ಕರೆದುಕೊಂಡು ಥೇಮ್ಸ್ ನದಿಯಲ್ಲಿ ಗಾಡ್‌ಸ್ಟೋ ಎಂಬ ಹಳ್ಳಿಗೆ ಹೋದರು. ಲೊರಿನಾಳಿಗೆ 13, ಆಲಿಸಳಿಗೆ 10, ಈಡಿತಳಿಗೆ 8 ವರ್ಷ. ಮಕ್ಕಳು ಕಥೆ ಬೇಕೆಂದರು. ಡಾಡ್ಸನ್ನರು ಆಗಲೇ ಒಂದು ಕಥೆಯನ್ನು ಹೊಸೆಯುತ್ತ ಹೇಳಿದರು. ಅಂತಹ ಕಥೆಗಳನ್ನು ಅವರು ಎಷ್ಟೋ ಹೇಳಿದ್ದರು. ಅವೆಲ್ಲ ಗಾಳಿಯಲ್ಲಿ ಹೋದವು. ಆದರೆ ಆ ದಿನ ಆಲಿಸ್ ಒಂದು ಕೆಲಸ ಮಾಡಿದಳು. ಈ ಕಥೆಯನ್ನು ತನಗಾಗಿ ಬರೆದುಕೊಡಬೇಕೆಂದು ಹಟ ಹಿಡಿದಳು.

ಅವರು ಬರೆದರು. ತಮ್ಮ ಕೈಯಿಂದಲೇ 37 ಚಿತ್ರಗಳನ್ನೂ ಬಿಡಿಸಿ, 1864ರ ನವೆಂಬರಿನಲ್ಲಿ ಆ ಹಸ್ತಪ್ರತಿಯನ್ನು ಅವಳಿಗೆ ಕಾಣಿಕೆಯಾಗಿ ಕೊಟ್ಟರು. ಅದನ್ನೇ ಬೆಳೆಸಿ 1865ರಲ್ಲಿ ಅಚ್ಚು ಹಾಕಿಸಿದರು. ಅಚ್ಚಾದುದು 2000 ಪ್ರತಿ. ಆದರೆ ಚಿತ್ರಕಾರರಾದ ಜಾನ್ ಟೆನಿಯಲ್ ಅವರಿಗೆ ಮುದ್ರಣ ಒಪ್ಪಿಗೆಯಾಗಲಿಲ್ಲ. ಗ್ರಂಥಕರ್ತರು ಆ ಪ್ರತಿಗಳನ್ನು ಹಿಂತೆಗೆದುಕೊಂಡು ಮತ್ತೊಮ್ಮೆ ಅಚ್ಚು ಮಾಡಿಸಿದರು. ಆಲಿಸಳ ಕೈಯಲ್ಲಿದ್ದ ಹಸ್ತಪ್ರತಿ 1928ರಲ್ಲಿ 15,400 ಪೌಂಡಿಗೆ ಹರಾಜಾಗಿ ಅಮೆರಿಕಕ್ಕೆ ಹೋಯಿತು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಜನರು ತೋರಿದ ಧೈರ್ಯಕ್ಕೆ ಕೃತಜ್ಞತೆಯಾಗಿ ಅಮೆರಿಕದ ಕೆಲವರು 1948ರಲ್ಲಿ ಅದನ್ನು ಕೊಂಡು ಬ್ರಿಟನ್ನಿಗೆ ಹಿಂತಿರುಗಿಸಿದರು. ಈಗ ಅದು ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿದೆ. ಹತ್ತು ವರ್ಷದ ಹುಡುಗಿಯೊಬ್ಬಳ ಹಟಕ್ಕೆ ದೊರೆತ ಮರ್ಯಾದೆ ಅದು!

ಆದರೆ, ವಿದ್ಯಾರ್ಥಿ ಮಿತ್ರರೇ, ಜೀವನಚರಿತ್ರೆಯಲ್ಲಿ ಬರೆದುದೆಲ್ಲವನ್ನೂ ಕಣ್ಣು ಮುಚ್ಚಿ ನಂಬಬಾರದು. ಆ ಜುಲೈ 4ರ ಮಧ್ಯಾಹ್ನ ಬಿಸಿಲು ಬಂಗಾರದಂತೆ ಹರಡಿತ್ತೆಂದು ಡಾಡ್ಸನ್ನರೂ, ಡಕ್‌ವರ್ತರೂ, ಆಲಿಸಳೂ ವರ್ಷಗಳ ತರುವಾಯ ನೆನೆದರು. ಮೂವರ ಸಾಕ್ಷಿ ಒಂದೇ ಆಗಿದೆ. ಆದರೂ 1950ರ ಸುಮಾರಿಗೆ ಒಬ್ಬ ಸಂಶೋಧಕರು ಹವಾಮಾನ ಕಚೇರಿಯನ್ನು ಕೇಳಿದಾಗ, ಆಕ್ಸ್‌ಫರ್ಡಿನ ಸುತ್ತ ಆ ದಿನ ತಂಪಾಗಿ, ಮಳೆ ಹನಿಯುವಂತಹ ಹವೆ ಇತ್ತೆಂಬ ಉತ್ತರ ಬಂದಿತು. ಮುಂದೆ ಬೇರೊಬ್ಬರು ದಾಖಲೆಗಳನ್ನು ಇನ್ನೂ ಸೂಕ್ಷ್ಮವಾಗಿ ಪರೀಕ್ಷಿಸಿ, ಮಧ್ಯಾಹ್ನದ ಹೊತ್ತಿಗೆ ಬಿಸಿಲು ಬಂದಿರಲು ಸಾಧ್ಯವೆಂದು ವಾದಿಸಿದರು. ನೆನಪು ಒಂದು ಸಾಕ್ಷಿ. ದಾಖಲೆ ಇನ್ನೊಂದು ಸಾಕ್ಷಿ. ಎರಡನ್ನೂ ಎದುರುಬದುರು ನಿಲ್ಲಿಸಿ ವಿಚಾರಿಸುವವನೇ ಒಳ್ಳೆಯ ಚರಿತ್ರಕಾರ.

ಇನ್ನೊಂದು ಕಥೆ ಬಹಳ ಪ್ರಸಿದ್ಧವಾಗಿದೆ. ವಿಕ್ಟೋರಿಯಾ ರಾಣಿಯು ಆಲಿಸಳ ಕಥೆಯನ್ನು ಓದಿ ಮೆಚ್ಚಿ, ಈ ಗ್ರಂಥಕರ್ತನ ಮುಂದಿನ ಪುಸ್ತಕವನ್ನೂ ಕಳುಹಿಸಬೇಕೆಂದಳಂತೆ. ಬಂದುದು ಗಣಿತದ ಗ್ರಂಥವಂತೆ! ಕೇಳಲು ಸೊಗಸಾಗಿದೆ. ಆದರೆ ಡಾಡ್ಸನ್ನರೇ 1896ರಲ್ಲಿ ತಮ್ಮ ತರ್ಕಶಾಸ್ತ್ರದ ಪುಸ್ತಕವೊಂದರಲ್ಲಿ ಇದು ಪೂರ್ತಿ ಸುಳ್ಳೆಂದು ಅಚ್ಚು ಹಾಕಿಸಿದರು. ಆದರೂ ಜನ ಇಂದಿಗೂ ಅದನ್ನು ಹೇಳುತ್ತಲೇ ಇದ್ದಾರೆ. ಸೊಗಸಾದ ಮಾತು ಸತ್ಯವಾಗಿರಬೇಕೆಂಬ ನಿಯಮವೇನೂ ಇಲ್ಲ.

ಡಾಡ್ಸನ್ನರು 13 ಸಂಪುಟಗಳ ದಿನಚರಿಯನ್ನು ಬರೆದಿಟ್ಟಿದ್ದರು. ಅವುಗಳಲ್ಲಿ ನಾಲ್ಕು ಕಳೆದುಹೋಗಿವೆ. ಉಳಿದ ಒಂಬತ್ತನ್ನು ವಿದ್ವಾಂಸರು ಅಚ್ಚು ಹಾಕಿಸಿದ್ದಾರೆ. ಕಳೆದ ಸಂಪುಟಗಳಲ್ಲಿ ಏನಿತ್ತೆಂದು ಊಹಿಸಿ ಪುಟಗಟ್ಟಲೆ ಬರೆದವರೂ ಇದ್ದಾರೆ. ಜಾಣ ಓದುಗನು ಬರೆದವರ ಊಹೆ ಎಲ್ಲಿ ಆರಂಭವಾಯಿತೆಂಬುದನ್ನು ಗುರುತಿಸುತ್ತಾನೆ.

ಎರಡನೆಯ ಬಗೆಯದು ಟಿಪ್ಪಣಿಯ ಆವೃತ್ತಿ. ಕಥೆಯನ್ನು ಒಂದು ಕಡೆ ಅಚ್ಚು ಮಾಡಿ, ಪಕ್ಕದಲ್ಲಿ ಅದರ ವಿವರಣೆಯನ್ನು ಕೊಡುವುದು ಇದರ ಕ್ರಮ. ನಮ್ಮ ಹಿರಿಯರು ಹಳಗನ್ನಡ ಕಾವ್ಯಗಳಿಗೆ ಟೀಕೆ ಬರೆಯುತ್ತಿದ್ದುದು ನಿಮಗೆ ಗೊತ್ತಿದೆ. ಇದೂ ಅದೇ ಜಾತಿಯ ಕೆಲಸ. 1960ರಲ್ಲಿ ಅಮೆರಿಕದ ಮಾರ್ಟಿನ್ ಗಾರ್ಡ್ನರ್ ಅವರು ಆಲಿಸಳ ಎರಡೂ ಕಥೆಗಳಿಗೆ ಟಿಪ್ಪಣಿ ಬರೆದು ಪ್ರಕಟಿಸಿದರು. ಗಾರ್ಡ್ನರರು ಗಣಿತದ ಒಗಟುಗಳನ್ನು ಬರೆದು ಹೆಸರಾದವರು. ಗಣಿತದ ಮೇಷ್ಟರು ಬರೆದ ಕಥೆಗೆ ಅವರು ತಕ್ಕ ಟೀಕಾಕಾರರಾದರು.

ಒಂದು ಉದಾಹರಣೆ ಸಾಕು. ಪಾತಾಳಕ್ಕೆ ಬಿದ್ದ ಆಲಿಸಳು, ತನ್ನ ಬುದ್ಧಿ ನೆಟ್ಟಗಿದೆಯೇ ಎಂದು ನೋಡಲು ಮಗ್ಗಿ ಒಪ್ಪಿಸುತ್ತಾಳೆ. ನಾಲ್ಕೈದಲೆ 12 ಎನ್ನುತ್ತಾಳೆ, ನಾಲ್ಕಾರಲೆ 13 ಎನ್ನುತ್ತಾಳೆ. ಹೀಗಾದರೆ 20ಕ್ಕೆ ಮುಟ್ಟುವುದೇ ಇಲ್ಲವೆಂದು ಕಳವಳಪಡುತ್ತಾಳೆ. ಇದು ಬರೀ ಹುಚ್ಚಾಟವೆಂದು ನಾವು ನಕ್ಕು ಮುಂದೆ ಹೋಗುತ್ತೇವೆ. ಟಿಪ್ಪಣಿಕಾರರು ನಮ್ಮನ್ನು ನಿಲ್ಲಿಸುತ್ತಾರೆ. ಇಂಗ್ಲಿಷ್ ಮಕ್ಕಳ ಮಗ್ಗಿ ಹನ್ನೆರಡಕ್ಕೆ ಮುಗಿಯುತ್ತಿತ್ತು. ಆಲಿಸಳ ಲೆಕ್ಕವನ್ನು ಒಂದೊಂದೇ ಏರಿಸುತ್ತ ಹೋಗಿ: ನಾಲ್ಕೇಳಲೆ 14, ನಾಲ್ಕೆಂಟಲೆ 15, ಹೀಗೆ ನಾಲ್ಕು ಹನ್ನೆರಡಲೆ 19. ಮಗ್ಗಿ ಅಲ್ಲಿಗೆ ಮುಗಿಯಿತು. 20 ಬರಲೇ ಇಲ್ಲ! ಹುಡುಗಿಯ ಮಾತು ಕರಾರುವಾಕ್ಕಾಗಿದೆ. ಹತ್ತಕ್ಕೇ ಮುಗಿಯುವ ನಮ್ಮ ಮಗ್ಗಿಯಲ್ಲಾದರೆ ಅವಳು 17ಕ್ಕೆ ನಿಲ್ಲಬೇಕಾಗಿತ್ತು. ನೀವೇ ಪಾಟಿಯ ಮೇಲೆ ಬರೆದು ನೋಡಿರಿ.

ಟಿಪ್ಪಣಿಯಿಂದ ಇನ್ನೊಂದು ಉಪಕಾರವುಂಟು. ಆಲಿಸಳು ಕಂಠಪಾಠದ ಪದ್ಯವೊಂದನ್ನು ಹೇಳಲು ಹೋದರೆ ಬಾಯಲ್ಲಿ ತಪ್ಪು ಪದ್ಯ ಬರುತ್ತದೆ. ದುಡಿಮೆಗಾರ ಜೇನುಹುಳುವಿನ ಬದಲು ಸೋಮಾರಿ ಮೊಸಳೆ ಬರುತ್ತದೆ. ಐಸಾಕ್ ವಾಟ್ಸ್ ಎಂಬವರು 1715ರಲ್ಲಿ ಪ್ರಕಟಿಸಿದ ಜೇನುಹುಳುವಿನ ಪದ್ಯ ಅಂದಿನ ಇಂಗ್ಲಿಷ್ ಮಕ್ಕಳೆಲ್ಲರಿಗೂ ಬಾಯಿಪಾಠವಾಗಿತ್ತು. ಆದುದರಿಂದ ಅವರು ಬಿದ್ದು ಬಿದ್ದು ನಕ್ಕರು. ಈಗ ಆ ಪದ್ಯವನ್ನು ಬಲ್ಲವರು ಕಡಿಮೆ. ನಗೆಯ ಅರ್ಧ ಭಾಗ ಕಾಣೆಯಾಗಿದೆ. ಗಾರ್ಡ್ನರರು ಮೂಲ ಪದ್ಯವನ್ನು ಹುಡುಕಿ ಪಕ್ಕದಲ್ಲಿಟ್ಟು, ಕಳೆದ ನಗೆಯನ್ನು ತಂದುಕೊಟ್ಟರು.

ಮೂರನೆಯ ಬಗೆಯದು ಅನುವಾದಗಳ ಇತಿಹಾಸ. ವಾರನ್ ವೀವರ್ ಎಂಬ ಗಣಿತಜ್ಞರು ಆಲಿಸಳ ಅನುವಾದಗಳನ್ನು ದೇಶದೇಶಗಳಿಂದ ಸಂಗ್ರಹಿಸಿ, 1964ರಲ್ಲಿ ಅವನ್ನು ಕುರಿತೇ ಒಂದು ಪುಸ್ತಕ ಬರೆದರು. ಯಂತ್ರದಿಂದ ಭಾಷಾಂತರ ಮಾಡಿಸಬಹುದೆಂದು 1949ರಲ್ಲಿ ಸೂಚಿಸಿದವರೂ ಅವರೇ. ಹುಚ್ಚರ ಚಹಾಕೂಟದ ಪ್ರಕರಣವನ್ನು ಬೇರೆ ಬೇರೆ ಭಾಷೆಗಳಿಂದ ಮರಳಿ ಇಂಗ್ಲಿಷಿಗೆ ಮಾಡಿಸಿ, ನಗೆ ಎಷ್ಟು ಉಳಿದಿದೆಯೆಂದು ಅವರು ತೂಗಿ ನೋಡಿದರು. 2015ರಲ್ಲಿ ಈ ವಿಷಯದ ಮೇಲೆ ಮೂರು ಸಂಪುಟಗಳ ಬೃಹದ್ಗ್ರಂಥವೊಂದು ಬಂದಿತು. ಅದು 174 ಭಾಷೆಗಳ ಅನುವಾದಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿದೆ.

ಈ ದೃಷ್ಟಿಯಿಂದ ನಮ್ಮ ಪಾಪಚ್ಚಿಯನ್ನು ನೋಡಿರಿ. ಆಲಿಸಳಿಗೆ ಕೊಟ್ಟ ಹಸ್ತಪ್ರತಿಗೆ ಡಾಡ್ಸನ್ನರು ಮೊದಲು ಇಟ್ಟ ಹೆಸರಿನ ಅರ್ಥ, ನೆಲದಡಿಯಲ್ಲಿ ಆಲಿಸಳ ಸಾಹಸಗಳು ಎಂದು. ಅಚ್ಚಾಗುವಾಗ ನೆಲದಡಿ ಹೋಗಿ ಅದ್ಭುತಲೋಕ ಬಂದಿತು. ಕನ್ನಡದ ಹೆಸರಿನಲ್ಲಿರುವ 'ಪಾತಾಳ' ಎಂಬ ಒಂದು ಪದದಲ್ಲಿ ನೆಲದಡಿಯೂ ಇದೆ, ಅದ್ಭುತಲೋಕವೂ ಇದೆ. ಪರಭಾಷೆಯ ಕಥೆಗೆ ನಮ್ಮ ಪುರಾಣದ ಬಾಗಿಲಿನಿಂದಲೇ ಪ್ರವೇಶ ದೊರೆಯಿತು.

ಇದನ್ನು ಮಾಡಿದ ಕಸ್ತೂರಿಯವರು ಹುಟ್ಟಿದ್ದು 1897ರಲ್ಲಿ, ಕೇರಳದ ತ್ರಿಪ್ಪುಣಿತ್ತುರದಲ್ಲಿ. ಕೆಲಸಕ್ಕೆಂದು ಮೈಸೂರಿಗೆ ಬಂದು, ಇತಿಹಾಸದ ಅಧ್ಯಾಪಕರಾಗಿ, ಕನ್ನಡವನ್ನು ಕಲಿತರು. ಕಲಿತ ಆ ಭಾಷೆಯಲ್ಲಿ 'ಅನರ್ಥಕೋಶ'ವನ್ನು ಬರೆದು ಕನ್ನಡಿಗರನ್ನೇ ನಗಿಸಿದರು. 'ಕೊರವಂಜಿ' ಪತ್ರಿಕೆಯ ಹಾಸ್ಯಗಾರರಲ್ಲಿ ಒಬ್ಬರಾದರು. ಊರು ಬಿಟ್ಟು ಬಂದವರು ಹೊಸ ಊರಿನ ಭಾಷೆಯನ್ನು ಹೀಗೆ ತಮ್ಮದಾಗಿ ಮಾಡಿಕೊಳ್ಳಬಹುದು. ಪುಣೆಗೆ ಬಂದ ನಾವು ಮರಾಠಿಯನ್ನು ಪ್ರೀತಿಯಿಂದ ಕಲಿಯೋಣ. ಆದರೆ ಮನೆಯಿಂದ ತಂದ ಕನ್ನಡವನ್ನು ದಾರಿಯಲ್ಲಿ ಚೆಲ್ಲಿ ಬರುವುದು ಬೇಡ.

ಈ ಮೂರು ಬಗೆಯ ಪುಸ್ತಕಗಳನ್ನು ಓದುವಾಗ ಒಂದು ಕ್ರಮವನ್ನು ಮರೆಯಬಾರದು. ಮೊದಲು ಕಥೆ, ಆಮೇಲೆ ಕಥೆಯನ್ನು ಕುರಿತ ಪುಸ್ತಕ. ಊಟ ಮಾಡದೆ ಅಡಿಗೆಯ ವಿವರ ಕೇಳಿದರೆ ಹಸಿವು ಹೋಗುವುದಿಲ್ಲ.

ಕೊನೆಯಲ್ಲಿ ನನ್ನ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ನನ್ನ ಅಜ್ಜಿ ಏಳು ಮಂದಿ ಅಣ್ಣಂದಿರ ಒಬ್ಬ ತಂಗಿಯ ಕಥೆಯನ್ನು ಹೇಳುತ್ತಿದ್ದಳು. ಜೋಳದ ರಾಶಿಯ ಪಕ್ಕದಲ್ಲಿ ಮಲಗಿ ಅದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ನನಗೆ ಅಕ್ಷರ ಬರುತ್ತಿತ್ತು, ಅಜ್ಜಿಗೆ ಬರುತ್ತಿರಲಿಲ್ಲ. ಆದರೂ ನಾನು ಬರೆದಿಡಲಿಲ್ಲ. ಈಗ ಅಜ್ಜಿಯಿಲ್ಲ. ತಂಗಿಯು ಬಾವಿಯೊಳಗೆ ಇಳಿದುದರವರೆಗೆ ನನಗೆ ನೆನಪಿದೆ. ಮೇಲಕ್ಕೆ ಹೇಗೆ ಬಂದಳೆಂಬುದು ನೆನಪಿಲ್ಲ. ಆ ಹುಡುಗಿ ಇನ್ನೂ ಬಾವಿಯಲ್ಲಿಯೇ ಇದ್ದಾಳೆ.

ನಿಮ್ಮಲ್ಲಿ ಅನೇಕರ ಅಜ್ಜಿಯರು ವಿಜಯಪುರ, ಕಲಬುರಗಿ, ಬಾಗಲಕೋಟೆಯ ಕಡೆಯ ಹಳ್ಳಿಗಳಲ್ಲಿದ್ದಾರೆ. ಕೆಲವರು ಇಲ್ಲಿಯೇ ನಿಮ್ಮ ಮನೆಯಲ್ಲಿದ್ದಾರೆ. ಈ ರಜೆಯಲ್ಲಿ ಅವರಿಂದ ಒಂದು ಕಥೆಯನ್ನು ಕೇಳಿ, ಅವರು ಹೇಳಿದ ಮಾತಿನಲ್ಲಿಯೇ ಬರೆದುಕೊಳ್ಳಿರಿ. ಅರ್ಥವಾಗದ ಹಳೆಯ ಪದಕ್ಕೆ ಪಕ್ಕದಲ್ಲಿ ಟಿಪ್ಪಣಿ ಹಾಕಿರಿ. ಕೆಳಗೆ ಅಜ್ಜಿಯ ಹೆಸರು, ಊರು, ತಾರೀಖು, ಜೊತೆಯಲ್ಲಿ ಕುಳಿತು ಕೇಳಿದವರ ಹೆಸರುಗಳನ್ನು ಬರೆಯಿರಿ. ಆ ದಿನ ಮಳೆ ಇತ್ತೋ ಬಿಸಿಲಿತ್ತೋ ಎಂಬುದನ್ನೂ ಮರೆಯದೆ ಬರೆದಿಡಿರಿ.